ಒಂಬತ್ತು ಚುಕ್ಕೆ ಎಣಿಸುವಷ್ಟು ಹೊತ್ತು

ನಮ್ಮ ಪಿ.ಟಿ. ಮೇಷ್ಟ್ರ ಎದೆ ಅಂಗಿಯ ಗುಂಡಿಗಳನ್ನು ಒಳಗಿನಿಂದ ತಳ್ಳುತ್ತಿತ್ತು. ಎದೆಯ ಮೂಳೆಯೇ ಮುಂದಕ್ಕೆ ಬಂದಿತ್ತು, ಭುಜಗಳು ಕಿವಿಯ ಕಡೆಗೆ ಏರಿದ್ದವು. ಯಾರೋ ಈಗಷ್ಟೇ ‘ಅಟೆನ್ಷನ್’ ಎಂದು ಕೂಗಿದ್ದಾರೆ ಎನ್ನುವಂತೆ ಸದಾ ನಿಂತಿರುತ್ತಿದ್ದರು. ದಿಬ್ಬೂರಹಳ್ಳಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ನಾವೆಲ್ಲ ಅದನ್ನು ಕುಸ್ತಿಯ ಎದೆ ಅಂದುಕೊಂಡಿದ್ದೆವು. ಶಿಡ್ಲಘಟ್ಟದ ಗರಡಿಯಲ್ಲಿ ಸಾಮು ಮಾಡಿದವರಂತೆ ಎಂದು ಒಬ್ಬ ಹೇಳಿದರೆ, ಚಿಕ್ಕಬಳ್ಳಾಪುರದಲ್ಲಿ ಯಾರನ್ನೋ ಎತ್ತಿ ಒಗೆದಿದ್ದರಂತೆ ಎಂದು ಇನ್ನೊಬ್ಬ ಸೇರಿಸುತ್ತಿದ್ದ. ಮೇಷ್ಟ್ರು ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಕೊರಳಲ್ಲಿ ಕೆಂಪು ದಾರದ ವಿಷಲ್ ನೇತಾಡುತ್ತಿತ್ತು. ಅದನ್ನು ಅವರು ಊದಿದ್ದನ್ನು ನಾನು ಕಂಡಿಲ್ಲ. ಸಾಲು ನಿಲ್ಲಿಸುವುದಕ್ಕೂ ಚಪ್ಪಾಳೆ, ಆಟ ನಿಲ್ಲಿಸುವುದಕ್ಕೂ ಚಪ್ಪಾಳೆ. ಕ್ರೀಡಾಕೂಟದ ದಿನ ವಿಷಲನ್ನು ಕಳಚಿ ಯಾರಾದರೂ ಹತ್ತನೇ ಕ್ಲಾಸಿನವರ ಕೈಗೆ ಕೊಟ್ಟುಬಿಡುತ್ತಿದ್ದರು. ಮಕ್ಕಳಿಗೆ ಜವಾಬ್ದಾರಿ ಕಲಿಸುತ್ತಿದ್ದಾರೆ ಎಂದು ಹೆಡ್‌ಮಾಸ್ಟರು ಭಾಷಣದಲ್ಲಿ ಹೊಗಳಿದ್ದೂ ಉಂಟು. ಶಾರದಾ ಪೂಜೆಯ ದಿನ ಊದುಬತ್ತಿ ಹಚ್ಚಿದ ಕೂಡಲೇ ಹೊರಗೆ ಹೋಗಿ ಹೊಂಗೆ ಮರದಡಿ ನಿಲ್ಲುತ್ತಿದ್ದರು. ಅವರು ಮುಸ್ಲಿಮರಾದ್ದರಿಂದ ಪೂಜೆ ಅವರಿಗೆ ಆಗಿಬರುವುದಿಲ್ಲವೇನೋ ಎಂದು ನಾವೇ ತೀರ್ಮಾನ ಮಾಡಿಕೊಂಡಿದ್ದೆವು. ಹೊಗೆ ಅಡಗಿದ ಮೇಲೆ ಚರುಪಿನ ಪ್ರಸಾದಕ್ಕೆ ಮಾತ್ರ ಮೊದಲ ಸಾಲಿನಲ್ಲೇ ಇರುತ್ತಿದ್ದರು. ಅದನ್ನು ನಾವು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಹುಡುಗರು ಹುಡುಗಿಯರು ತಮಗೆ ಬೇಕಾದ್ದನ್ನಷ್ಟೇ ನೋಡುವ ವಯಸ್ಸು ಅದು.

ನನಗೆ ಉಬ್ಬಸ ಶುರುವಾದದ್ದು ಆರನೇ ಕ್ಲಾಸಿನಲ್ಲಿ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಬೇರೆಯವರು ಹುಳಕ್ಕೆಂದೇ ಬೇರೆ ಮನೆ ಕಟ್ಟಿಸಿಕೊಂಡಿದ್ದರು, ನಮ್ಮಲ್ಲಿ ನಡುಮನೆಯೇ ಹುಳಮನೆ. ಮರಿಹುಳ ತಂದು ಇಳಿಸಿದರೆಂದರೆ ಗೋಡೆಯುದ್ದಕ್ಕೂ ತಟ್ಟೆಗಳು ಏರುತ್ತಿದ್ದವು, ನಾವು ಅವುಗಳ ನಡುವೆ ಉಳಿದ ಜಾಗದಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ಅಪ್ಪ ಅಮ್ಮ ತೋಟದಿಂದ ಹಿಪ್ಪುನೇರಳೆ ಸೊಪ್ಪು ತರುವ ಆಳುಗಳಿದ್ದ ಹಾಗೆ. ಯಜಮಾನಿಕೆ ಪೂರ್ತಿ ಅಜ್ಜಿಯದು. ಹುಳ ಮನೆಯಲ್ಲಿರುವಷ್ಟು ದಿನ ಪೌಡರು ಹಾಕುವಂತಿಲ್ಲ, ಘಮಘಮ ಎಣ್ಣೆ ಹಚ್ಚುವಂತಿಲ್ಲ. ಸಾವಿನ ಮನೆಗೆ ಹೋಗಿಬಂದವರು ತಲೆಗೆ ಸ್ನಾನ ಮಾಡಿದರೂ ಮೂರು ದಿನ ಒಳಗೆ ಕಾಲಿಡುವಂತಿಲ್ಲ. ಸ್ವಂತ ತಂಗಿ ತೀರಿಕೊಂಡಾಗಲೂ ಗೂಡು ಬಿಡಿಸಿ ಮುಗಿಸಿದ ಮೇಲೆಯೇ ಆ ಮನೆಗೆ ಹೋಗಿ ಅತ್ತುಬಂದವಳು ನಮ್ಮಜ್ಜಿ.

ಅವಳ ಈ ಬಿಗಿಗೆ ಕಾರಣವೂ ಇತ್ತು. ನಾನು ಚಿಕ್ಕವಳಿದ್ದಾಗ ನೆಂಟಸ್ತನಕ್ಕೆ ಬಂದ ಚಿಕ್ಕಪ್ಪ ಸೊಳ್ಳೆ ತಾಳಲಾರದೆ ಡಬ್ಬಿಯ ಸ್ಪ್ರೇ ಹೊಡೆದುಬಿಟ್ಟಿದ್ದ. ಬೆಳಗಾಗುವಷ್ಟರಲ್ಲಿ ಹುಳಗಳೆಲ್ಲ ತಲೆ ಎತ್ತಿಕೊಂಡು, ಹಸಿರು ಕಕ್ಕಿಕೊಂಡು ಸತ್ತಿದ್ದವು. ಅವನ್ನು ಮೊರಗಳಲ್ಲಿ ತುಂಬಿ ಗುಂಡಿಗೆ ಸುರಿಯುವಾಗ ಅಜ್ಜಿ ಮನೆಯವರೇ ಸತ್ತ ಹಾಗೆ ಅತ್ತಿದ್ದಳು. ಆ ಡಬ್ಬಿಯ ‘ಸ್ಸ್’ ಎನ್ನುವ ಸದ್ದು ಅವಳ ಕಿವಿಯಲ್ಲಿ ಉಳಿದುಹೋಯಿತು.

ಚಿಕ್ಕಬಳ್ಳಾಪುರದ ಡಾಕ್ಟರು ನನಗೆ ಎರಡು ಪಂಪು ಬರೆದುಕೊಟ್ಟರು. ಒಂದು ದಿನಾ ಬೆಳಿಗ್ಗೆ ಸಂಜೆ ಎಳೆದುಕೊಳ್ಳುವುದು, ಇನ್ನೊಂದು ಉಸಿರು ಕಟ್ಟಿದಾಗ. ಮನೆಗೆ ಬಂದು ಮೊದಲ ಸಲ ಒತ್ತಿದೆ. ‘ಸ್ಸ್’ ಎಂದಿತು. ಅಜ್ಜಿ ಕೈಯಲ್ಲಿದ್ದ ಸೊಪ್ಪು ಬಿಸಾಡಿ ಓಡಿಬಂದಳು.

“ಏಯ್, ಏನೇ ಅದು? ಹುಳದ ಮನೇಲಿ ಹೊಡೀತೀಯಾ?”

“ಇದು ಔಷ್ದಿ ಅಜ್ಜಿ. ಉಸ್ರಿಗೆ.”

“ನಿಮ್ಮ ಚಿಕ್ಕಪ್ಪನೂ ಔಷ್ದಿ ಅಂತ್ಲೇ ಹೊಡ್ದಿದ್ದು.”

ಅವತ್ತಿನಿಂದ ನನ್ನ ಪಂಪುಗಳು ತೋಟದ ಆಚೆ, ಬೋರ್‌ವೆಲ್ಲಿನ ಮೋಟಾರ್ ಮನೆಗೆ ಹೋದವು. ಅಲ್ಲಿಗೆ ಹೋಗಿ ತೆಗೆದುಕೊಂಡು, ಬಾಯಿ ಮುಖ ತೊಳೆದು, ಬಟ್ಟೆ ಬದಲಾಯಿಸಿ ಒಳಗೆ ಬರಬೇಕು. ಮೊದಮೊದಲು ಮಾಡಿದೆ. ಆಮೇಲೆ ಒಂದು ಹೊತ್ತು ಬಿಟ್ಟೆ, ಒಂದು ದಿನ ಬಿಟ್ಟೆ, ಬರಬರುತ್ತಾ ಹುಳ ಇರುವಷ್ಟು ದಿನ ಬಿಟ್ಟೇಬಿಡುವುದು ರೂಢಿಯಾಯಿತು. ಹುಳ ಬದುಕಲಿ ಎಂದು ಉಸಿರು ಬಿಗಿಹಿಡಿದುಕೊಂಡಿದ್ದೆ ಎಂದರೆ ತಮಾಷೆ ಎನಿಸಬಹುದು. ನನಗೆ ಆಗ ಹಾಗೆ ಅನಿಸುತ್ತಿರಲಿಲ್ಲ. ಅಮ್ಮನೂ ಅಜ್ಜಿಗೆ ಎದುರು ಆಡಲಿಲ್ಲ, ಅದರ ಸಿಟ್ಟು ನನಗೆ ಇನ್ನೂ ಸ್ವಲ್ಪ ಇದೆ.

ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ. ಗಣಿತದ ದಿನ. ಮನೆಯಲ್ಲಿ ಹುಳ ನಾಲ್ಕನೇ ಜ್ವರ ಮುಗಿಸಿ ಎದ್ದಿತ್ತು. ರೇಷ್ಮೆ ಹುಳ ಪೊರೆ ಬಿಡಲು ಊಟ ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ, ಆಗ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಎರಡು ದಿನ ಆ ಪುಡಿಯ ನಡುವೆಯೇ ಮಲಗಿ ಎದ್ದು ಬಂದಿದ್ದೆ. ಹುಳ ಇಳಿದಾಗಿನಿಂದ ಪಂಪು ಮುಟ್ಟಿರಲಿಲ್ಲ. ಮೂರನೇ ಲೆಕ್ಕ ಬರಲಿಲ್ಲ. ಬರಲಿಲ್ಲವಲ್ಲ ಎಂದು ಗಾಬರಿಯಾಯಿತು, ಗಾಬರಿಗೆ ಎದೆ ಬಿಗಿಯಿತು, ಬಿಗಿದದ್ದಕ್ಕೆ ಇನ್ನಷ್ಟು ಗಾಬರಿಯಾಯಿತು. ನನ್ನ ಎದೆಯ ಸಿಳ್ಳೆ ನನಗೇ ಕೇಳಿಸತೊಡಗಿತು. ಪೆನ್ನು ಕೆಳಗೆ ಬಿತ್ತು.

ಅವತ್ತು ಆ ಕೋಣೆಗೆ ಮೇಲ್ವಿಚಾರಕರಾಗಿ ಬಂದಿದ್ದವರು ಪಿ.ಟಿ. ಮೇಷ್ಟ್ರು. ನನ್ನ ಬೆಂಚಿನ ಪಕ್ಕ ನೆಲದ ಮೇಲೇ ಕೂತುಬಿಟ್ಟರು.

“ಏಳ್ಬೇಡ. ಮುಂದಕ್ಕೆ ಬಾಗು. ಮೊಣಕೈ ಡೆಸ್ಕ್ ಮೇಲಿಡು. ಪಂಪು ಎಲ್ಲಮ್ಮ?”

ಹೇಳಲು ಉಸಿರಿರಲಿಲ್ಲ, ತಲೆ ಆಡಿಸಿದೆ. ಅವರು ಬಾಗಿಲ ಕಡೆ ನೋಡಿದರು. ತಿರುಗಿ ನೋಡುತ್ತಿದ್ದ ಅಷ್ಟೂ ಮಕ್ಕಳನ್ನು ಒಂದು ಸಲ ನೋಡಿದರು. ಎರಡು ಕ್ಷಣ ಸುಮ್ಮನೆ ಕೂತಿದ್ದರು. ಆ ಎರಡು ಕ್ಷಣ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಪ್ಯಾಂಟಿನ ಜೇಬಿಗೆ ಕೈ ಹಾಕಿ, ಕರ್ಚೀಫಿನಲ್ಲಿ ಸುತ್ತಿಟ್ಟಿದ್ದ ನೀಲಿ ಪಂಪು ತೆಗೆದರು.

“ಬಾಯ್ ತೆಗಿ. ಈಗ ಎಳ್ಕೊ. ತಡ್ಕೊ. ಬಿಡು, ನಿಧಾನಕ್ಕೆ ಬಿಡು. ಎಳ್ಕೊಳ್ಳೋಕೆ ಎಲ್ರಿಗೂ ಆತುರ. ಬಿಡೋದು ಮೊದ್ಲು ಕಲೀಬೇಕು ಕಣಮ್ಮ.”

ಉಸಿರು ಹಾದಿಗೆ ಬರುತ್ತಿದ್ದ ಹಾಗೆ ಹಿಂದಿನ ಬೆಂಚಿನಿಂದ ಪಿಸುಮಾತು ಬಂತು, “ಸಾರ್‌ಗೂ ದಮ್ಮು ಕಣೋ.” ಮೇಷ್ಟ್ರಿಗೆ ಕೇಳಿಸಿತು. ಎದ್ದು ನಿಂತು ಮೊಣಕಾಲಿನ ಧೂಳು ಒರೆಸಿಕೊಂಡರು.

“ಹೌದಪ್ಪ, ನಂಗೂ ದಮ್ಮು. ಏಳು ವರ್ಷದ ಹುಡುಗ ಆಗಿದ್ದಾಗಿಂದ. ಎದೆ ಹಿಂಗಾಗಿರೋದು ಅದಕ್ಕೇ, ಕುಸ್ತಿಗಲ್ಲ. ಬರೀರಿ ಈಗ, ಟೈಮ್ ಹೋಗ್ತಿದೆ.”

ಯಾರೂ ನಗಲಿಲ್ಲ. ಊದದ ವಿಷಲ್ಲು, ಹೊಂಗೆ ಮರ, ಊದುಬತ್ತಿ ಎಲ್ಲಕ್ಕೂ ನನಗೆ ಒಂದೇ ಸಲ ಉತ್ತರ ಸಿಕ್ಕಿತು. ಪರೀಕ್ಷೆ ಮುಗಿದ ಮೇಲೆ ಮರದಡಿ ಕರೆದು ಕೂರಿಸಿ, ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಕೊಟ್ಟರು. ಅವರ ತಂದೆ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಘಟಕ ಇಟ್ಟಿದ್ದವರು. ಗೂಡು ಬೇಯಿಸುವ ಒಲೆಯ ಹೊಗೆ ಕುಡಿದೇ ಬೆಳೆದದ್ದಂತೆ. ಓದಿ, ಓಡಿ, ಹೇಗೋ ಈ ಕೆಲಸಕ್ಕೆ ಸೇರಿದ ಮೇಲೆ ಪಂಪನ್ನು ಜೇಬಿನಿಂದ ಆಚೆ ತೆಗೆದಿರಲಿಲ್ಲ.

“ಡ್ರಿಲ್ ಮೇಷ್ಟ್ರಿಗೆ ದಮ್ಮಂತೆ ಅಂತ ನಗ್ತಾರೆ ಅನ್ನೋ ಭಯ. ಇಪ್ಪತ್ತು ವರ್ಷ ಬಚ್ಚಿಟ್ಟೆ. ಇವತ್ತು ನೋಡು, ಒಬ್ರೂ ನಗ್ಲಿಲ್ಲ. ಅರೆ, ಸುಮ್ನೆ ಇಪ್ಪತ್ತು ವರ್ಷ ಹೋಯ್ತಲ್ಲ!”

ನನ್ನ ಪಂಪು ಮೋಟಾರ್ ಮನೆಯಲ್ಲಿ ಇರುವುದನ್ನು ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಗಲ್ಲ ಕೆರೆದುಕೊಂಡರು.

“ನಿಮ್ಮಜ್ಜಿ ತಪ್ಪು ಅನ್ನಕ್ಕೆ ನಂಗೆ ಹುಳ ಗೊತ್ತಿಲ್ಲಮ್ಮ. ನಮ್ಮನೆಗೆ ಗೂಡು ಬರ್ತಿತ್ತು, ಹುಳ ಬಂದಿದ್ದೇ ಇಲ್ಲ. ತಿಳ್ಕೋಬೇಕು.”

ಅದಕ್ಕೆ ಕೆಲವು ವಾರ ಮೊದಲು ಅವರನ್ನು ‘ಒತ್ತಡ ನಿರ್ವಹಣೆ’ ಎಂಬ ಎರಡು ದಿನದ ತರಬೇತಿಗೆ ಕಳಿಸಿದ್ದರು. ಒಂದು ಕೈಪಿಡಿ ಮತ್ತು ಒಂದು ಚಾರ್ಟು ಅವರ ಬೀರುವಿನಲ್ಲಿ ಬಿದ್ದಿದ್ದವು. ಚಾರ್ಟಿನಲ್ಲಿ ಮರದಡಿ ಕಣ್ಣು ಮುಚ್ಚಿ ಮುಗುಳ್ನಗುವ ಮಗು. ಆ ವಾರ ಅದನ್ನು ಆಟದ ಸಾಮಾನಿನ ಕೋಣೆಯಲ್ಲಿ ಅಂಟಿಸಿ, ಉಬ್ಬಸ ಇರುವ ಮಕ್ಕಳಿಗೆ ಶನಿವಾರದ ಕೊನೆಯ ಪೀರಿಯಡ್ ತರಗತಿ ಎಂದು ಹೇಳಿದರು. ಯಾರೂ ಕೈ ಎತ್ತಲಿಲ್ಲ. ಅವರೇ ಐವರ ಹೆಸರು ಕರೆದರು, ನಾನು ಆರನೆಯವಳು. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, “ಒಂದೇ ಬೂಟಿನ ಲೇಸನ್ನ ಒಂದೇ ಓಟದಲ್ಲಿ ಮೂರು ಸಲ ಯಾರೂ ಕಟ್ಟಲ್ಲ. ಅದು ಉಸಿರು ತಗೊಳ್ಳೋ ನೆಪ. ನಾನೂ ಕಟ್ಟಿದೀನಿ” ಅಂದರು.

ಮೊದಲ ತರಗತಿ ಕೆಟ್ಟುಹೋಯಿತು. ಕೈಪಿಡಿ ಹಿಡಿದು, “ಕಣ್ಣು ಮುಚ್ಚಿ, ಸಮುದ್ರದ ದಡ ನೆನೆಸಿಕೊಳ್ಳಿ” ಎಂದು ಓದಿದರು. ನಮ್ಮಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ. ಮೇಲಾಗಿ ಕಣ್ಣು ಮುಚ್ಚಿದ ಕೂಡಲೇ ಎಲ್ಲರಿಗೂ ಅವರವರ ಎದೆಯ ಸಿಳ್ಳೆ ಜೋರಾಗಿ ಕೇಳಿಸಿತು. “ಸಾರ್, ಭಯ ಆಯ್ತದೆ” ಎಂದು ಸಾದಲಿ ಕಡೆಯ ಹುಡುಗಿಯೊಬ್ಬಳು ಅಳತೊಡಗಿದಳು. ಮೇಷ್ಟ್ರು ಕೈಪಿಡಿ ಮಡಚಿದರು. “ಇದು ಬರೆದೋರಿಗೆ ದಮ್ಮಿಲ್ಲ ಅನ್ಸುತ್ತೆ. ಸಮುದ್ರ ಬೇಡ ಬಿಡಿ” ಎಂದರು.

ಸೋಮವಾರ ಬಂದಾಗ ಅದೇ ಕೋಣೆ ಗುಡಿಸಿ ಒರೆಸಿ ಸ್ವಚ್ಛವಾಗಿತ್ತು. ಧೂಳಿನ ಚಾಪೆಗಳೆಲ್ಲ ಹೊರಗೆ ಹೋಗಿದ್ದವು. ಮಧ್ಯದಲ್ಲಿ ಸ್ಟೂಲಿನ ಮೇಲೆ ಒಂದು ಬಿದಿರು ತಟ್ಟೆ, ತಟ್ಟೆಯಲ್ಲಿ ಮೂರನೇ ಜ್ವರ ಎದ್ದ ನೂರು ರೇಷ್ಮೆ ಹುಳ. ಯಾವುದೋ ಪರಿಚಯದವರಿಂದ ಎಣಿಸಿ ತಂದಿದ್ದರು.

“ನಿಮ್ಮ ಪಂಪೆಲ್ಲ ಇನ್ಮೇಲೆ ಈ ಕೋಣೇಲಿ ಇರ್ಲಿ. ಬೆಳಿಗ್ಗೆ ಬಂದ್ ತಕ್ಷಣ, ಸಂಜೆ ಹೋಗೋವಾಗ, ಈ ತಟ್ಟೆ ಪಕ್ಕದಲ್ಲೇ ನಿಂತು ತಗೋಬೇಕು. ಹುಳ ಏನಾಗುತ್ತೋ ನೋಡಣ.”

ನನಗೆ ಜೀವ ಬಾಯಿಗೆ ಬಂತು. ಹುಳ ಸತ್ತರೆ ಅಜ್ಜಿಯ ಮಾತೇ ನಿಜವಾಗುತ್ತದೆ, ನನ್ನ ಪಂಪು ಮನೆಗೆ ಎಂದೆಂದಿಗೂ ಬರುವುದಿಲ್ಲ. ಮುಖ್ಯ ಪರೀಕ್ಷೆಯ ಹೊತ್ತಿಗೆ ಮನೆಯಲ್ಲಿ ಮತ್ತೆ ಹೊಸ ಹುಳ ಇಳಿದಿರುತ್ತದೆ. ಅದನ್ನೆಲ್ಲ ಹೇಳಿದೆ. “ಹೌದಲ್ಲ” ಎಂದರೇ ಹೊರತು ತಟ್ಟೆ ತೆಗೆಯಲಿಲ್ಲ.

ನಮ್ಮ ತರಬೇತಿ ಅಂದರೆ ಅದೇ. ಸಂಜೆ ಅವರೇ ಸೊಪ್ಪು ಹಾಕಿ ಶಿಡ್ಲಘಟ್ಟದ ಬಸ್ಸು ಹಿಡಿಯುತ್ತಿದ್ದರು, ಭಾನುವಾರವೂ ಬರುತ್ತಿದ್ದರು. ಶನಿವಾರ ಮಾತ್ರವಲ್ಲ, ಯಾರಿಗೆ ಯಾವಾಗ ಗಾಬರಿಯಾದರೂ ಆ ಕೋಣೆಗೆ ಹೋಗಬಹುದಿತ್ತು. ಹುಳ ದೊಡ್ಡದಾದಂತೆ ಅದು ಸೊಪ್ಪು ಕಡಿಯುವ ಸದ್ದು ಕೋಣೆ ತುಂಬುತ್ತಿತ್ತು, ಸೋನೆ ಮಳೆ ಬಿದ್ದ ಹಾಗೆ. ಹುಟ್ಟಿದಾಗಿನಿಂದ ಕೇಳಿದ ಸದ್ದೇ. ಆದರೆ ಅದಕ್ಕೆ ಕಿವಿ ಕೊಟ್ಟು ಕೂತದ್ದು ಅಲ್ಲೇ ಮೊದಲು. ಅದನ್ನು ಕೇಳುತ್ತಿದ್ದರೆ ನಮ್ಮ ಎದೆಯ ಸಿಳ್ಳೆ ಕೇಳಿಸುತ್ತಿರಲಿಲ್ಲ.

ಒಂದು ದಿನ ಮೇಷ್ಟ್ರು ವಿಜ್ಞಾನದ ಪುಸ್ತಕ ಹಿಡಿದುಕೊಂಡು ಬಂದರು. “ಇದಕ್ಕೆ ಮೂಗಿಲ್ಲ ಕಣ್ರಪ್ಪ. ಮೈ ಪಕ್ಕದಲ್ಲಿ ಸಾಲಾಗಿ ಕಪ್ಪು ಚುಕ್ಕೆ ಇದೆಯಲ್ಲ, ಅದೇ ಇದರ ಮೂಗು. ಎಣಿಸಿ.” ಒಂದೊಂದು ಪಕ್ಕಕ್ಕೆ ಒಂಬತ್ತು ಇದ್ದವು. ಪಂಪು ಎಳೆದುಕೊಂಡ ಮೇಲೆ ಒಂದು ಹುಳದ ಒಂಬತ್ತು ಚುಕ್ಕೆ ಎಣಿಸುವಷ್ಟು ಹೊತ್ತು ಉಸಿರು ತಡೆಯಬೇಕು, ಆಮೇಲೆ ತುಟಿ ಕಿರಿದು ಮಾಡಿ ಮೆಲ್ಲಗೆ ಬಿಡಬೇಕು. ಗಾಬರಿಯಾದಾಗಲೂ ಹಾಗೆಯೇ, ಚುಕ್ಕೆಯ ಮೇಲೆ ಕಣ್ಣಿಟ್ಟು ಉಸಿರು ಬಿಡುತ್ತಾ ಎಣಿಸುವುದು. ಕಣ್ಣು ಮುಚ್ಚುವ ಗೋಜೇ ಇಲ್ಲ. ಜೊತೆಗೆ ಒಂದು ಎಚ್ಚರಿಕೆಯನ್ನೂ ತಪ್ಪದೆ ಕೊಡುತ್ತಿದ್ದರು. “ಇದು ಪಂಪಿನ ಬದಲಿಗಲ್ಲ. ಪಂಪಿನ ಜೊತೆಗೆ. ಚುಕ್ಕೆ ಎಣಿಸ್ಕೊಂಡು ಔಷ್ದಿ ಬಿಟ್ಟೋರು ನನ್ನ ಕಣ್ಣಿಗೆ ಬೀಳ್ಬೇಡಿ.”

ಎರಡು ವಾರ ಕಳೆಯುವಷ್ಟರಲ್ಲಿ ಒಂದೊಂದೇ ಹುಳ ಸಾಯತೊಡಗಿತು. ಮೈ ಊದಿಕೊಂಡು ಹಳದಿಯಾಗಿ, ಗೊತ್ತುಗುರಿಯಿಲ್ಲದೆ ತಟ್ಟೆಯ ಅಂಚಿನಲ್ಲಿ ಹರಿದಾಡಿ ಬೀಳುತ್ತಿದ್ದವು. ಉಳಿದವು ಹಣ್ಣಾಗಿ, ಅದಕ್ಕೆಂದೇ ಹೆಣೆದ ಬಿದಿರಿನ ಚಂದ್ರಿಕೆ ಏರಿ ಗೂಡು ಕಟ್ಟಿದವು. ಸತ್ತವನ್ನು ಎಸೆದು, ಗೂಡುಗಳನ್ನಷ್ಟೇ ಅಜ್ಜಿಗೆ ತೋರಿಸೋಣ ಎಂದು ನಾನು ಗೋಗರೆದೆ. ಅವರು ನನ್ನ ಮುಖವನ್ನೇ ನೋಡಿದರು. “ಅಷ್ಟು ವರ್ಷ ಹುಳ ಸಾಕಿದೋರ ಹತ್ರ ಅರ್ಧ ತೋರ್ಸಕ್ಕಾಗುತ್ತಾ?” ಎಂದಷ್ಟೇ ಹೇಳಿದರು.

ಭಾನುವಾರ ನಮ್ಮೂರಿಗೆ ಬಂದರು. ಒಂದು ಕೈಯಲ್ಲಿ ಗೂಡಿನ ಚೀಲ. ಇನ್ನೊಂದು ಕೈಯಲ್ಲಿ ಮುಚ್ಚಳ ಬಿಗಿದ ಡಬ್ಬಿ, ಅದರಲ್ಲಿ ಆ ಬೆಳಿಗ್ಗೆ ಸಾಯುವ ಹಂತದಲ್ಲಿದ್ದ ಎರಡು ಹುಳ. ಅಂಗಳದ ಅಂಚಿನಿಂದಲೇ ಕೈ ಮುಗಿದರು.

“ನಮಸ್ಕಾರ ಅಜ್ಜಿ. ಒಂದು ತಪ್ಪಾಗಿದೆ, ತೋರ್ಸಕ್ಕೆ ಬಂದೆ.”

ಡಬ್ಬಿಯಲ್ಲಿ ಏನಿದೆ ಎಂದು ಕೇಳಿದ್ದೇ ಅಜ್ಜಿ ಕಿರುಚಿದಳು. “ಅಲ್ಲೇ ನಿಲ್ಲಿ ಮೇಷ್ಟ್ರೇ! ಕಾಯಿಲೆ ಹುಳ ಮನೆ ಹತ್ರ ತರ್ತಾರಾ? ನಡೀರಿ ಆಚೆ, ಹುಣಸೆ ಮರದ ಹತ್ರ ನಡೀರಿ!”

ಹುಣಸೆ ಮರದ ಬುಡದಲ್ಲಿ ಇಬ್ಬರೂ ಕುಕ್ಕರುಗಾಲಿನಲ್ಲಿ ಕೂತರು. ಅಜ್ಜಿ ಕಡ್ಡಿಯಿಂದ ಒಂದು ಹುಳವನ್ನು ಚುಚ್ಚಿದಳು. ಬೆಳ್ಳಗೆ ಹಾಲಿನಂಥದ್ದು ಒಸರಿತು.

“ಹಾಲುತೊಂಡೆ ಕಾಯಿಲೆ. ಎಷ್ಟು ಹೋದ್ವು?”

“ನೂರಕ್ಕೆ ಹನ್ನೊಂದು.”

“ಯಾವ ಸೊಪ್ಪು ಹಾಕಿದ್ರಿ?”

“ತುದೀದು, ಎಳೇದು. ಮೆತ್ತಗಿರುತ್ತಲ್ಲ ಅಂತ.”

“ಅಯ್ಯೋ ದೇವುಡಾ! ಹಲ್ಲು ಬಂದ ಮಗೀಗೆ ಬರೀ ಹಾಲು ಕುಡಿಸಿ ಮಲಗಿಸ್ತಾರಾ? ದೊಡ್ಡ ಹುಳಕ್ಕೆ ಬಲಿತ ಸೊಪ್ಪು ಹಾಕ್ಬೇಕು. ಯಾವಾಗ ಕಿತ್ತಿದ್ದು, ಬೆಳಿಗ್ಗೇನಾ? ಇಬ್ಬನಿ ಆರಿತ್ತಾ?”

“ಇಲ್ಲ ಅಜ್ಜಿ. ಒದ್ದೆ ಇತ್ತು.”

“ಮತ್ತೆ ಸಾಯದೆ ಏನ್ಮಾಡ್ತವೆ!”

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಮೇಷ್ಟ್ರು ನಿಲ್ಲಿಸಲಿಲ್ಲ. “ಇನ್ನೊಂದು ಮಾತಿದೆ. ಆ ತಟ್ಟೆ ಪಕ್ಕದಲ್ಲೇ ಆರು ಮಕ್ಕಳು ದಿನಾ ಎರಡು ಹೊತ್ತು ಪಂಪು ತಗೊಂಡಿದಾರೆ. ನಿಮ್ಮ ಮೊಮ್ಮಗಳೂ ಸೇರಿ. ನಾನೂ ತಗೊಂಡಿದೀನಿ. ಅದ್ರಿಂದ ಸತ್ವೋ, ಸೊಪ್ಪಿಂದ ಸತ್ವೋ, ನೀವೇ ಹೇಳ್ಬೇಕು. ಅದ್ರಿಂದ್ಲೇ ಅಂದ್ರೆ ನಾನು ಒಪ್ಕೊಂಡು ಹೋಗ್ತೀನಿ.”

ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅಲ್ಲಿಂದ ಎದ್ದು ಓಡಿಹೋಗೋಣ ಅನಿಸಿತು. ನನ್ನ ಉಸಿರಿನ ತೀರ್ಪನ್ನು ಒಯ್ದು ಅಜ್ಜಿಯ ಕಡ್ಡಿಯ ತುದಿಗೆ ಇಟ್ಟಿದ್ದರು. ಅಜ್ಜಿ ನನ್ನನ್ನೊಮ್ಮೆ ನೋಡಿದಳು. ಎರಡನೆಯ ಹುಳವನ್ನೂ ಮಗುಚಿ ನೋಡಿದಳು. ಚೀಲದೊಳಗೆ ಕೈ ಹಾಕಿ ಗೂಡುಗಳನ್ನು ಒಂದೊಂದಾಗಿ ಬೆರಳಲ್ಲಿ ಅದುಮಿದಳು.

“ಸ್ಪ್ರೇ ಬಡಿದ ಹುಳ ಹಿಂಗೆ ಸಾಯಲ್ಲ” ಎಂದಳು ಕೊನೆಗೆ. “ತಲೆ ಎತ್ಕೊಂಡು, ಹಸ್ರು ಕಕ್ಕೊಂಡು ಸಾಯ್ತದೆ. ನಾನು ನೋಡಿದೀನಿ. ಇದು ಸೊಪ್ಪಿಂದು. ಗೂಡು ನೋಡಿ, ಗಟ್ಟಿಗೇ ಕಟ್ಟಿದೆ. ತಪ್ಪು ನಿಮ್ದೇ ಮೇಷ್ಟ್ರೇ, ಪಂಪಿಂದಲ್ಲ.”

“ನಂದೇ ತಪ್ಪು ಅಜ್ಜಿ, ನಂದೇ” ಎಂದರು ಮೇಷ್ಟ್ರು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಆಮೇಲೆ ಚುಕ್ಕೆಗಳ ವಿಷಯ ಬಂತು. ಆ ಚುಕ್ಕೆಗಳೇ ಹುಳದ ಮೂಗು ಎಂದು ಕೇಳಿ ಅಜ್ಜಿ ಬೆರಗಾದಳು. ನಲವತ್ತು ವರ್ಷದಿಂದ ಹುಳದ ಜೊತೆ ಮಲಗಿದವಳಿಗೆ ಅದು ಎಲ್ಲಿಂದ ಉಸಿರಾಡುತ್ತದೆ ಎಂದು ಗೊತ್ತಿರಲಿಲ್ಲವಂತೆ. ಡಬ್ಬಿಯ ಹುಳದ ಮೇಲೆ ಕಡ್ಡಿ ಇಟ್ಟು, “ಒಕಟಿ, ರೆಂಡು, ಮೂಡು” ಎಂದು ಎಣಿಸಿದಳು. ತಟ್ಟೆ, ಸೊಪ್ಪಿನ ಹೊರೆ, ಏನನ್ನು ಎಣಿಸುವುದಿದ್ದರೂ ಅವಳು ತೆಲುಗಿನಲ್ಲೇ ಎಣಿಸುವುದು. “ತೊಮ್ಮಿದಿ. ಹೌದಲ್ಲ!” ಎಂದಳು. ಆಮೇಲೆ ಮೇಷ್ಟ್ರ ಕೈಯಲ್ಲೇ ಗುಂಡಿ ತೋಡಿಸಿ, ಸುಣ್ಣ ಹಾಕಿಸಿ, ಆ ಎರಡು ಹುಳಗಳನ್ನು ಮುಚ್ಚಿಸಿದಳು. ಸುಣ್ಣದ ಪುಡಿ ಎದ್ದಾಗ ಅವರು ಮೂಗಿಗೆ ಕರ್ಚೀಫು ಹಿಡಿದದ್ದನ್ನು ನೋಡಿ, “ನಿಮ್ಗೂನಾ?” ಎಂದಳು. ಅವರು ನಕ್ಕರು.

ಮಾರನೆಯ ದಿನ ನಾನು ಸ್ಕೂಲಿನಿಂದ ಬಂದಾಗ ನಡುಮನೆಯ ಕಂಬಕ್ಕೆ, ತಟ್ಟೆಗಳಿಗಿಂತ ಎತ್ತರದಲ್ಲಿ, ಒಂದು ಹೊಸ ಮೊಳೆ ಇತ್ತು. ಅದಕ್ಕೆ ನೇತುಹಾಕಿದ ಬಟ್ಟೆಯ ಚೀಲದಲ್ಲಿ, ಭಾನುವಾರಕ್ಕೆಂದು ನಾನು ಸ್ಕೂಲಿನಿಂದ ಮೋಟಾರ್ ಮನೆಗೆ ತಂದಿಟ್ಟಿದ್ದ ನನ್ನ ಎರಡೂ ಪಂಪು. ಅಜ್ಜಿ ಮುಂದಿನ ಬೆಳೆಯಿಂದ ಸುಣ್ಣ ಉದುರಿಸುವ ಮುಂಚೆ, “ಏಯ್, ಆಚೆ ಹೋಗೇ” ಎಂದು ನನ್ನನ್ನು ಗದರಿಸಿ ಹೊರಗೆ ಕಳಿಸುವುದು ಶುರುವಾಯಿತು. ಮುಖ್ಯ ಪರೀಕ್ಷೆಯನ್ನು ಪೂರ್ತಿ ಉಸಿರಿನಲ್ಲಿ ಬರೆದೆ. ಗಣಿತದಲ್ಲಿ ಆಗಲೂ ಎರಡು ಲೆಕ್ಕ ಬರಲಿಲ್ಲ, ಅದಕ್ಕೆ ಉಬ್ಬಸವನ್ನು ದೂರುವಂತಿರಲಿಲ್ಲ.

ವರ್ಷಗಳ ಮೇಲೆ ಒಮ್ಮೆ ಮೇಷ್ಟ್ರನ್ನು ಕೇಳಿದೆ, “ಸಾರ್, ಸೊಪ್ಪಿನಿಂದ ಸತ್ತಿದ್ದು ಅಂತ ನಿಮಗೆ ಮೊದ್ಲೇ ಗೊತ್ತಿತ್ತಲ್ವಾ?” ಅವರು ತಲೆ ಅಲ್ಲಾಡಿಸಿದರು. “ಇಲ್ಲ ಕಣಮ್ಮ. ನಂಗೂ ಪಂಪಿಂದೇ ಇರ್ಬೋದು ಅಂತ ಹೆದ್ರಿಕೆ ಇತ್ತು. ಅವತ್ತು ಶಿಡ್ಲಘಟ್ಟದಲ್ಲಿ ಎರಡು ಬಸ್ ಬಿಟ್ಟೆ, ಬರ್ಲೋ ಬೇಡ್ವೋ ಅಂತ.”

ನಾನೀಗ ಚಿಂತಾಮಣಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಆಟದ ಪೀರಿಯಡ್ಡಿನಲ್ಲಿ ಕಿಟಕಿಯಿಂದ ಮೈದಾನ ನೋಡುವುದು ಅಭ್ಯಾಸವಾಗಿದೆ. ಓಡುವವರನ್ನಲ್ಲ, ಲೇಸ್ ಕಟ್ಟಲು ಬಗ್ಗುವವರನ್ನು. ಇದುವರೆಗೆ ನಾಲ್ಕು ಮಕ್ಕಳು ಸಿಕ್ಕಿದ್ದಾರೆ. ಅವರಿಗೂ ಒಂಬತ್ತು ಚುಕ್ಕೆ ಗೊತ್ತು.

ಮೇಷ್ಟ್ರು ನಿವೃತ್ತರಾಗಿ ಎರಡು ವರ್ಷಕ್ಕೆ ತೀರಿಕೊಂಡರು. ಭಾನುವಾರ ಬೆಳಿಗ್ಗೆ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಹೃದಯ ನಿಂತಿತ್ತಂತೆ, ಉಸಿರಿನ ತೊಂದರೆ ಏನೂ ಆಗಿರಲಿಲ್ಲವಂತೆ. ನಾನು ಊರಲ್ಲೇ ಇದ್ದೆ. ಮನೆಯಲ್ಲಿ ಹುಳ ಇನ್ನೆರಡು ದಿನಕ್ಕೆ ಹಣ್ಣಾಗುವುದಿತ್ತು. ಹುಳ ಮನೆ ತುಂಬ ತಿನ್ನುವ, ಒಂದು ಕೈ ಕಡಿಮೆಯಾದರೂ ನಡೆಯದ ಹೊತ್ತು ಅದು. ನಾನು ಹೋಗುತ್ತೇನೆ, ಬಂದ ಮೇಲೆ ಹೊರಗಿರುತ್ತೇನೆ ಎಂದು ಹೇಳಲು ಅಜ್ಜಿಯ ಹತ್ತಿರ ಹೋದೆ. ಅವಳು ಆಗಲೇ ಕೈ ತೊಳೆದುಕೊಂಡು ಸೀರೆ ಬದಲಾಯಿಸುತ್ತಿದ್ದಳು.

“ಅಜ್ಜಿ, ಹುಳ?”

“ನಿಮ್ಮಮ್ಮ ಇದಾಳೆ. ನಡಿ, ಬಸ್ಸು ಹೋಯ್ತದೆ.”

ಶಿಡ್ಲಘಟ್ಟದ ಅವರ ಮನೆಯಲ್ಲಿ ಹೆಂಗಸರು ಒಳಕೋಣೆಯಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿ, ಪಕ್ಕದಲ್ಲಿದ್ದ ಅಜ್ಜಿಯನ್ನು ತೋರಿಸಿದೆ. ಮೇಷ್ಟ್ರ ಹೆಂಡತಿ ಅತ್ತು ಕೆಂಪಾದ ಕಣ್ಣೆತ್ತಿ ಅಜ್ಜಿಯನ್ನು ನೋಡಿದರು.

“ಸೊಪ್ಪಿಗೆ ಬೈದಿದ್ದು ನೀವೇನಾ ಅಮ್ಮಾ? ಮನೆಗೆ ಬಂದೋರ್ಗೆಲ್ಲ ಹೇಳ್ತಿದ್ರು. ಎಷ್ಟು ಸಲ ಹೇಳಿದಾರೋ.”

ಅಜ್ಜಿ ಅವರ ಕೈ ಹಿಡಿದುಕೊಂಡಳು.

ಸಂಜೆ ಊರಿಗೆ ವಾಪಸು ಬಂದು, ಹಿತ್ತಲಲ್ಲೇ ತಲೆಗೆ ಸ್ನಾನ ಮಾಡಿ, ಇಬ್ಬರೂ ಜಗಲಿಯ ಮೇಲೆ ಕೂತೆವು. ಮೂರು ದಿನ ಒಳಗೆ ಹೋಗುವಂತಿಲ್ಲ. ಆ ಬೆಳೆ ಚಂದ್ರಿಕೆಗೆ ಏರುವುದನ್ನು ಅಜ್ಜಿ ನೋಡುವುದಿಲ್ಲ. ಐವತ್ತು ವರ್ಷದಲ್ಲಿ ಮೊದಲ ಸಲ. ತಂಗಿಗೂ ಕೊಡದಿದ್ದದ್ದನ್ನು ಅವಳು ಮೇಷ್ಟ್ರಿಗೆ ಕೊಟ್ಟಿದ್ದಳು. ಇನ್ನೂ ಬೆಳಕಿತ್ತು. ಕಿಟಕಿಯಿಂದ ಹುಳ ಸೊಪ್ಪು ಕಡಿಯುವ ಸದ್ದು ಬರುತ್ತಿತ್ತು. ಅವಳು ಆ ಕಡೆ ತಿರುಗಿ ನೋಡಲಿಲ್ಲ.

ದಿನವಿಡೀ ತಡೆದಿದ್ದ ಅಳು ಆಗ ಬಂತು. ಅಳುವಿನ ಹಿಂದೆಯೇ ಎದೆ ಬಿಗಿಯಿತು. ಹೊರಟ ಅವಸರದಲ್ಲಿ ಪಂಪನ್ನು ಚೀಲಕ್ಕೆ ಹಾಕಿಕೊಂಡಿರಲಿಲ್ಲ, ಅದು ಒಳಗೆ ಕಂಬದ ಮೊಳೆಯಲ್ಲಿತ್ತು. ಹಿಂದೆ ಪಂಪು ಹೊರಗಿರುತ್ತಿತ್ತು, ಅದಕ್ಕಾಗಿ ನಾನೊಬ್ಬಳೇ ತೋಟ ದಾಟಿ ಹೋಗುತ್ತಿದ್ದೆ. ಈಗ ಅದು ಒಳಗೆ, ನಾವಿಬ್ಬರೂ ಹೊರಗೆ.

“ಏ ಅಮ್ಮಯ್ಯ, ಮೊಳೆ ಮೇಲಿರೋ ಪಂಪು ತಾ, ಬೇಗ” ಎಂದು ಅಜ್ಜಿ ಕಿಟಕಿಗೆ ಕೂಗಿದಳು. ಅಮ್ಮ ಸರಳುಗಳ ನಡುವಿನಿಂದ ಚಾಚಿದಳು. ಅಜ್ಜಿಯೇ ಇಸಿದುಕೊಂಡು, ಮುಚ್ಚಳ ತೆಗೆದು, ಅಲ್ಲಾಡಿಸಿ ನನ್ನ ಕೈಗೆ ಕೊಟ್ಟಳು. ಅವಳು ಅದನ್ನು ಮುಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

‘ಸ್ಸ್’ ಎಂದಿತು. ಅಜ್ಜಿ ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು.

“ಒಕಟಿ” ಎಂದಳು. “ರೆಂಡು. ಮೂಡು.”

ಅವಸರ ಮಾಡಲಿಲ್ಲ. ಒಂದೊಂದು ಅಂಕಿಗೂ ಒಂದೊಂದು ಚುಕ್ಕೆ ಕಾಣುತ್ತಿದೆ ಎನ್ನುವ ಹಾಗೆ ಎಣಿಸಿದಳು.

“ತೊಮ್ಮಿದಿ. ಬಿಡಮ್ಮ ಈಗ. ಮೇಷ್ಟ್ರು ಹೇಳಿದಂಗೆ ಬಿಡು.”

ಬಿಟ್ಟೆ.